ರುಮಾಲು ಇಳಿಸೋ ದೋಟಿ

ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಿರಬೇಕು. ಹೂಂಗುಟ್ಟೋದು ನಿಂತರೆ ಕತೆ ಅಲ್ಲೇ ಮಲಗಿಬಿಡುತ್ತೆ, ಆಮೇಲೆ ಎಬ್ಬಿಸೋ ಜವಾಬ್ದಾರಿ ನಂದಲ್ಲ.

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಒಳ್ಳೆಯವನೇ. ಅವನಿಗೆ ಇದ್ದದ್ದು ಎರಡೇ ಆಸೆ. ಒಂದು, ದಿನಾ ಮಧ್ಯಾಹ್ನ ತುಪ್ಪ ಹಾಕಿದ ಒಬ್ಬಟ್ಟು. ಇನ್ನೊಂದು, ಒಬ್ಬಟ್ಟು ತಿಂದ ಮೇಲೆ ಒಂದು ನಿದ್ದೆ. ಒಬ್ಬಟ್ಟಿಗೆ ಏನೂ ತೊಂದರೆ ಇರಲಿಲ್ಲವಂತೆ. ನಿದ್ದೆಗೆ ಇತ್ತು. ಅಧಿಕಾರಿಗಳ ಕಾಟ ತಾಳಲಾರದ ಜನ ಅದೇ ಹೊತ್ತಿಗೆ ಅರಮನೆ ಬಾಗಿಲಿಗೆ ಬಂದು "ಅಯ್ಯೋ ಮಾಸ್ವಾಮಿ, ನ್ಯಾಯ ಕೊಡಿ" ಅಂತ ಬಾಯಿ ಬಡಿದುಕೊಳ್ಳುತ್ತಿದ್ದರಂತೆ.

ರಾಜ ಯೋಚನೆ ಮಾಡಿದ. ದೂರು ಕೇಳೋದಕ್ಕೇ ಒಬ್ಬನನ್ನು ಇಟ್ಟರೆ ಹೇಗೆ? ಅಂಥವನು ಯಾರಿದ್ದಾನೆ ಅಂತ ಹುಡುಕಿಸಿದಾಗ ಜವರಯ್ಯ ಅನ್ನೋ ಮುದುಕ ಸಿಕ್ಕಿದನಂತೆ. ಅವನ ಕಸುಬು ಮಾವಿನಕಾಯಿ ಕೀಳೋದು. ಉದ್ದ ಬಿದಿರಿನ ತುದಿಗೆ ಕೊಕ್ಕೆ ಕಟ್ಟಿರುತ್ತಾರಲ್ಲ, ಆ ದೋಟಿಯಲ್ಲಿ ಎಷ್ಟೇ ಎತ್ತರದ ಕಾಯಿ ಆಗಲಿ, ಪಕ್ಕದ ಕಾಯಿಗೆ ಗಾಯ ಆಗದ ಹಾಗೆ ಇಳಿಸುತ್ತಿದ್ದನಂತೆ. ಹಂಗಿಗೆ ಒಬ್ಬರ ಮನೆಯ ಹಣ್ಣು ತಿಂದವನಲ್ಲ.

ರಾಜ ಅವನನ್ನು ಕರೆಸಿ, ದೋಟಿಗೆ ಬೆಳ್ಳಿ ಕಟ್ಟಿಸಿ, ಒಂದು ತಾಮ್ರದ ತಗಡು ಕೊಟ್ಟ. ತಗಡಿನಲ್ಲಿ ಹೀಗೆ ಕೊರೆದಿತ್ತಂತೆ: "ಜವರಯ್ಯನು ಎಲ್ಲಿಗೆ ಬೇಕಾದರೂ ಹೋಗಿ ನೋಡತಕ್ಕದ್ದು. ತಪ್ಪು ಮಾಡಿದವನು ಯಾರೇ ಆಗಲಿ, ದೋಟಿ ಹಾಕಿ ಅವನ ರುಮಾಲು ಇಳಿಸತಕ್ಕದ್ದು. ರುಮಾಲು ಇಳಿದರೆ ಅಧಿಕಾರವೂ ಇಳಿದಂತೆ."

ಜನ ಉಘೇ ಉಘೇ ಅಂದರು. ಆಗ ದಿವಾನರು ಮೆಲ್ಲಗೆ ಕೆಮ್ಮಿದರಂತೆ. "ಮಾಸ್ವಾಮಿ, ಒಂದು ಸಣ್ಣ ಸಾಲು ಸೇರಿಸೋಣ. ಇಲ್ಲದಿದ್ದರೆ ರಾಜ್ಯದಲ್ಲಿ ಯಾರ ತಲೆ ಮೇಲೂ ರುಮಾಲು ನಿಲ್ಲೋದಿಲ್ಲ."

ಸಣ್ಣ ಸಾಲು ತಾನೇ ಅಂತ ರಾಜ ಹೂಂ ಅಂದ. ಅಕ್ಕಸಾಲಿ ಕೊರೆದ: "ಆದರೆ ಇಳಿಸುವ ಮುಂಚೆ ಅವನ ಮೇಲಿನವನ ಒಪ್ಪಿಗೆ ಪಡೆಯತಕ್ಕದ್ದು."

ಒಂದು ವರ್ಷ ಆಯಿತು, ಎರಡು ವರ್ಷ ಆಯಿತು, ಮೂರು ವರ್ಷ ಆಯಿತು. ಜವರಯ್ಯ ಮುನ್ನೂರು ದೂರು ಕೇಳಿದ. ಇಳಿದ ರುಮಾಲು ಒಂದೂ ಇಲ್ಲ. ಗೋಡೆಗೆ ಒರಗಿಸಿಟ್ಟ ದೋಟಿಯ ಕೊಕ್ಕೆಯಲ್ಲಿ ಗುಬ್ಬಿ ಗೂಡು ಕಟ್ಟಿ, ಎರಡು ಸಲ ಮರಿ ಮಾಡಿತಂತೆ. ರಾಜನಿಗೆ ಮಾತ್ರ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಅದೇ ಊರಿನಲ್ಲಿ ದೇವೀರಮ್ಮ ಅಂತ ಒಬ್ಬ ಹೆಂಗಸು. ಗಂಡ ಬಿಟ್ಟು ಹೋಗಿದ್ದ, ಮಕ್ಕಳಿಲ್ಲ. ಚುಕ್ಕಿ ಅಂತ ಒಂದು ಎಮ್ಮೆ ಇತ್ತು. ಹಣೆ ಮೇಲೆ ಬಿಳಿ ಬೊಟ್ಟು, ಹೊತ್ತಿಗೆ ನಾಲ್ಕು ಸೇರು ಹಾಲು. ಅದು ಕರು ಹಾಕಿ ಹನ್ನೆರಡು ದಿನ ಆಗಿತ್ತಂತೆ. ಹದಿಮೂರನೇ ದಿನ ಚುಕ್ಕಿ ಮೇಯಲು ಹೋದದ್ದು ಮನೆಗೆ ಬರಲಿಲ್ಲ. ವಿಚಾರಿಸಿದರೆ ದನದ ದೊಡ್ಡಿಯಲ್ಲಿದೆ ಅಂದರು.

ದೊಡ್ಡಿ ಗೊತ್ತಲ್ಲ, ತುಡುಗು ದನಗಳನ್ನು ಕೂಡಿಹಾಕೋ ಜಾಗ. ಅದರ ಅಧಿಕಾರಿ ಚೆನ್ನಿಗಪ್ಪ. ದೊಡ್ಡ ಮೀಸೆ, ಕೆಂಪು ರುಮಾಲು. ದೇವೀರಮ್ಮ ಓಡಿಹೋಗಿ ಕೈಮುಗಿದಳು.

"ನನ್ನ ಎಮ್ಮೆ ಯಾರ ಹೊಲ ಮೇಯ್ತು ಬುದ್ಧಿ?"

"ಹೊಲ ಮೇಯಲಿಲ್ಲ ಕಣವ್ವ. ಸರ್ಕಾರದ ಹುಣಸೆಮರದ ನೆರಳಲ್ಲಿ ನಿಂತಿತ್ತು."

"ಒಂದು ರಾತ್ರಿ ಕಟ್ಟಿ ಬಿಟ್ಟುಬಿಡೋದಲ್ವಾ ಬುದ್ಧಿ ಪದ್ಧತಿ?"

"ವಿಚಾರಣೆ ನಡೀತಾ ಇದೆ. ನಾಳೆ ಬಾ."

ವಿಚಾರಣೆ ಏನು ಗೊತ್ತೇ? ಚೆನ್ನಿಗಪ್ಪ ಚೆಂಬು ಹಿಡಿದು ಎಮ್ಮೆ ಕೆಳಗೆ ಕೂತಿದ್ದ. ಚುಕ್ಕಿ ದೇವೀರಮ್ಮನ ಕೈ ಬಿಟ್ಟು ಇನ್ನೊಂದು ಕೈ ಕಂಡಿದ್ದಲ್ಲ. ಚೆಂಬನ್ನೂ ಒದ್ದಿತು, ಚೆನ್ನಿಗಪ್ಪನನ್ನೂ ಒದ್ದಿತು. ಚೆಂಬು ಸೊಟ್ಟಗಾಯಿತಂತೆ.

ಮಾರನೇ ದಿನ ಬಂದ ದೇವೀರಮ್ಮನಿಗೆ ಅವನು ಕುಂಟಿಕೊಂಡೇ ಹೇಳಿದ. "ವಿಚಾರಣೆಗೆ ನಿನ್ನ ಒಂದು ಉಟ್ಟ ಸೀರೆ ಬೇಕು. ನಾಲ್ಕು ಗಾಜಿನ ಬಳೆ ಬೇಕು. ಒಗೆದಿರಬಾರದು, ಸೀರೆ."

ಎಮ್ಮೆ ಬಿಡ್ತಾರೇನೋ ಅನ್ನೋ ಆಸೆಗೆ ಆ ಹುಚ್ಚಿ ಯಾಕೆ ಅಂತ ಕೂಡ ಕೇಳದೆ ತಂದುಕೊಟ್ಟಳಂತೆ. ನಾವಾದರೂ ಕೊಡ್ತಿದ್ದೆವು ಬಿಡಿ. ಸರ್ಕಾರ ಕೇಳಿದ್ದಕ್ಕೆ ಯಾಕೆ ಅಂತ ಕೇಳಿ ಯಾರಿಗೆ ಅಭ್ಯಾಸ?

ಅವತ್ತಿನಿಂದ ಚೆನ್ನಿಗಪ್ಪ ಬೆಳಗಾಗೆದ್ದು ರುಮಾಲು ತೆಗೆದು ಗೂಟಕ್ಕೆ ಹಾಕೋದು, ದೇವೀರಮ್ಮನ ಸೀರೆ ಉಟ್ಟು, ಬಳೆ ತೊಟ್ಟು, ಮೀಸೆ ಮುಚ್ಚೋ ಹಾಗೆ ಸೆರಗು ಹೊದ್ದು ಎಮ್ಮೆ ಕೆಳಗೆ ಕೂರೋದು. ವಾಸನೆ ಅದೇ, ಬಳೆ ಸದ್ದು ಅದೇ. ಪಾಪದ ಪ್ರಾಣಿ ತನ್ನ ಒಡತಿ ಅಂದುಕೊಂಡು ಹಾಲು ಇಳಿಸುತ್ತಿತ್ತು.

ಇತ್ತ ಮನೆಯಲ್ಲಿ ಕರು ಅಂಬಾ ಅನ್ನುತ್ತಿತ್ತು. ದೇವೀರಮ್ಮ ಬಿದಿರಿನ ಗೊಟ್ಟದಲ್ಲಿ ಅಕ್ಕಿ ಗಂಜಿ ಹುಯ್ದಳು. ಅರ್ಧ ಒಳಗೆ, ಅರ್ಧ ಹೊರಗೆ. ಹಾಲು ಕುಡಿಯೋ ಕೂಸಿಗೆ ಗಂಜಿ ಎಷ್ಟು ದಿನ ಆದೀತು? ಅದರ ಪಕ್ಕೆ ಎಲುಬು ಎಣಿಸೋ ಹಾಗಾಯಿತು. ನಾಲ್ಕನೇ ದಿನ ಅವಳು ಜವರಯ್ಯನ ಮನೆಗೆ ಬಂದಳು.

"ತಾತ, ನನ್ನ ಕರ ಸಾಯ್ತದೆ."

ಜವರಯ್ಯ ಎಲ್ಲ ಕೇಳಿದ. ಕೇಳೋದರಲ್ಲಿ ಅವನನ್ನು ಮೀರಿಸೋರಿರಲಿಲ್ಲ. ಕೇಳಿ, ಓಲೆ ಬರೆದು, ಚೆನ್ನಿಗಪ್ಪನ ಮೇಲಿನವನಾದ ಪಾರುಪತ್ತೇಗಾರನ ಹತ್ತಿರ ಹೋದ. ಪಾರುಪತ್ತೇಗಾರ ಮೊಸರನ್ನ ಉಣ್ಣುತ್ತಿದ್ದ. ಗಟ್ಟಿ ಮೊಸರು.

"ಚೆನ್ನಿಗಪ್ಪನ ರುಮಾಲು ಇಳಿಸೋಕೆ ನಿಮ್ಮ ಒಪ್ಪಿಗೆ ಬೇಕಾಗಿತ್ತು."

"ಅವನು ಒಳ್ಳೇ ಹುಡುಗ ಕಣಯ್ಯ" ಅಂತ ಪಾರುಪತ್ತೇಗಾರ ಬೆರಳು ನೆಕ್ಕಿದ. "ನಾನೊಬ್ಬನೇ ಹೇಗೆ ಹೇಳಲಿ? ಮೇಲೆ ಕೇಳು."

ಐದನೇ ದಿನ ಜವರಯ್ಯ ಅಮಲ್ದಾರನ ಹತ್ತಿರ ಹೋದ. ಅಮಲ್ದಾರ ರೊಟ್ಟಿ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟುಕೊಂಡು ಅದು ಕರಗೋದನ್ನೇ ನೋಡುತ್ತಿದ್ದ. "ಆತುರ ಪಡಬಾರದು. ಮೇಲೆ ಕೇಳು" ಅಂದ.

ಆರನೇ ದಿನ ದಿವಾನರ ಹತ್ತಿರ ಹೋದ. ದಿವಾನರ ಮುಂದೆ ಮರಳು ಮರಳಾದ ತುಪ್ಪದ ಗಡಿಗೆ ಇತ್ತು. ಅದರಲ್ಲಿ ತಮಗೆ ಒಂದು ಮಿಳ್ಳೆ ತೆಗೆದುಕೊಂಡು ಉಳಿದದ್ದನ್ನು ಅರಮನೆಗೆ ಕಳಿಸುತ್ತಿದ್ದರು. "ಮೇಲೆ ಕೇಳು" ಅಂದರು.

ಏಳನೇ ದಿನ ರಾಜನ ಹತ್ತಿರ ಹೋದ. ರಾಜ ಎಲೆ ಮುಂದೆ ಕೂತಿದ್ದ. ಒಬ್ಬಟ್ಟಿನ ಮೇಲೆ ತುಪ್ಪ ಹರಿಯುತ್ತಿತ್ತು. ಓಲೆಯನ್ನು ಎಲೆಯ ಪಕ್ಕ ಇಡಿಸಿದ, ಓದಲಿಲ್ಲ. "ದಿವಾನರ ಅಭಿಪ್ರಾಯ ತಗೊಳ್ರಪ್ಪ" ಅಂದ.

ಓಲೆ ಹೊರಟಿತು ನೋಡಿ. ರಾಜನಿಂದ ದಿವಾನರಿಗೆ, ದಿವಾನರಿಂದ ಅಮಲ್ದಾರನಿಗೆ, ಅಮಲ್ದಾರನಿಂದ ಪಾರುಪತ್ತೇಗಾರನಿಗೆ, ಪಾರುಪತ್ತೇಗಾರನಿಂದ ಚೆನ್ನಿಗಪ್ಪನಿಗೆ. ಬರುವಷ್ಟರಲ್ಲಿ ಓಲೆಯ ಮೇಲೆ ಇಷ್ಟೇ ಉಳಿದಿತ್ತಂತೆ: "ನಿನ್ನ ರುಮಾಲು ಇಳಿಸುವ ಬಗ್ಗೆ ನಿನ್ನ ಅಭಿಪ್ರಾಯವೇನು?"

ಚೆನ್ನಿಗಪ್ಪ ಒಂದು ದಿನ ಪೂರ್ತಿ ಯೋಚನೆ ಮಾಡಿದನಂತೆ. ಆಮೇಲೆ ಬರೆದ: "ಅಗತ್ಯ ಕಂಡುಬರುವುದಿಲ್ಲ."

ಓಲೆ ಮೇಲಕ್ಕೆ ಹೊರಟಿತು. ಪಾರುಪತ್ತೇಗಾರ ಬರೆದ, "ಕೆಳಗಿನವರು ಹೇಳಿದ್ದು ಸರಿ." ಅಮಲ್ದಾರ ಬರೆದ, "ಸರಿ." ದಿವಾನರು ಬರೆದರು, "ಸರಿ." ರಾಜ ಮುದ್ರೆ ಒತ್ತಿ ಮಲಗಿದ.

ಹತ್ತನೇ ದಿನದ ಸಂಜೆ ಜವರಯ್ಯ ಆ ಓಲೆ ಹಿಡಿದು ದೇವೀರಮ್ಮನ ಮನೆಗೆ ಬಂದ. ಅವಳು ಓದಿಸಿಕೊಂಡು ಕೇಳಿದಳು. ಕೂಗಾಡಲಿಲ್ಲ, ಅಳಲಿಲ್ಲ.

"ತಾತ, ಆ ದೋಟಿ ಮನೇಲಿ ಸುಮ್ಮನೆ ಯಾಕಿರಬೇಕು? ನಾಲ್ಕು ಹುಣಸೇಕಾಯಾದ್ರೂ ಕೀಳು. ಗೊಜ್ಜಿಗಾಗ್ತದೆ."

ಜವರಯ್ಯ ಕೊಟ್ಟಿಗೆಗೆ ಹೋದ. ಕರು ನೆಲಕ್ಕೆ ಒರಗಿತ್ತು, ಏಳಲು ಕಾಲಲ್ಲಿ ಶಕ್ತಿ ಇರಲಿಲ್ಲ. ಅವನು ಕೂತು ಮೂತಿ ಸವರಿದ. ಕರು ಅವನ ಬೆರಳನ್ನೇ ಬಾಯಿಗೆ ತೆಗೆದುಕೊಂಡು ಚೀಪಿತಂತೆ. ಹಾಲಿಲ್ಲದ ಬೆರಳು. ಆದರೂ ಬಿಡಲಿಲ್ಲ. ಮೂರು ವರ್ಷ ಮುನ್ನೂರು ಜನರ ಕಣ್ಣೀರು ನೋಡಿದ ಮುದುಕನಿಗೆ ಅವತ್ತು ಅಳು ಬಂತು. ನಾಚಿಕೆಯೂ ಆಯಿತು.

"ನಿನ್ನ ಸೀರೆ ಯಾಕೆ ಕೇಳಿದ ಅಂದೆ ಅವನು?" ಅಂತ ಕಣ್ಣೊರೆಸಿಕೊಂಡು ಕೇಳಿದ.

"ವಿಚಾರಣೆಗೆ."

"ಒಗೆದಿರಬಾರದು ಅಂದನಾ?"

"ಹೂಂ."

ಜವರಯ್ಯನೂ ಎಮ್ಮೆ ಸಾಕಿದವನೇ. ಹೆಂಡತಿ ತೌರಿಗೆ ಹೋದಾಗ ಅವಳ ಸೀರೆ ಸುತ್ತಿಕೊಂಡು ಹಾಲು ಕರೆದವನೇ. ಅವನಿಗೆ ಎಲ್ಲ ಹೊಳೆಯಿತು.

ಹನ್ನೊಂದನೇ ದಿನ ಬೆಳಕು ಹರಿಯೋ ಹೊತ್ತಿಗೆ ಜವರಯ್ಯ ನೀರಿಗೆ ಹೊರಟಿದ್ದ ಹತ್ತು ಹೆಂಗಸರನ್ನು ಜೊತೆಗೆ ಕರೆದುಕೊಂಡು ದೊಡ್ಡಿಗೆ ಹೋದ. ಎಲ್ಲಿಗೆ ಬೇಕಾದರೂ ಹೋಗಿ ನೋಡಬಹುದು ಅಂತ ತಗಡಿನಲ್ಲೇ ಇತ್ತಲ್ಲ. ಬಾಗಿಲು ತೆಗೆದರೆ ಚೆನ್ನಿಗಪ್ಪ ಕೂತಿದ್ದಾನೆ. ಸೀರೆ ಉಟ್ಟಿದ್ದಾನೆ, ಬಳೆ ಗಲಗಲ ಅನ್ನಿಸುತ್ತಾ ಸೊರ್ ಸೊರ್ ಅಂತ ಕರೆಯುತ್ತಿದ್ದಾನೆ. ರುಮಾಲು ಗೂಟದ ಮೇಲಿದೆ.

ಹೆಜ್ಜೆ ಸದ್ದು ಕೇಳಿದ ಕೂಡಲೇ ಅವನು ಸೆರಗನ್ನು ಮುಖದ ಮೇಲೆ ಎಳೆದುಕೊಂಡ.

ಜವರಯ್ಯ ಒಂದಿಷ್ಟೂ ನಗಲಿಲ್ಲವಂತೆ. "ಯಾರಮ್ಮ ಅದು? ದೇವೀರಮ್ಮನಾ?" ಅಂದ.

ಚೆನ್ನಿಗಪ್ಪನ ಸ್ಥಿತಿ ನೋಡಿ ಈಗ. ಅಲ್ಲ ಅಂದರೆ, ದೊಡ್ಡಿ ಅಧಿಕಾರಿ ಹೆಂಗಸಿನ ಸೀರೆ ಉಟ್ಟು ಕೂಡಿಹಾಕಿದ ಎಮ್ಮೆ ಕರೆಯುತ್ತಿದ್ದ ಅಂತ ಹತ್ತು ಹೆಂಗಸರ ಬಾಯಿಂದ ಹತ್ತು ಹಳ್ಳಿಗೆ ಹೋಗುತ್ತೆ. ಸಣ್ಣ ದನಿಯಲ್ಲಿ "ಊಂ" ಅಂದ.

"ಎಮ್ಮೆ ಬಿಟ್ಟುಕೊಟ್ಟರಾ? ಒಳ್ಳೇದಾಯ್ತು ಕಣವ್ವ. ಕರ ಕಾಯ್ತಾ ಇದೆ. ಹಗ್ಗ ಬಿಚ್ಚಿಕೊಂಡು ನಡಿ."

ಬೇರೆ ದಾರಿ ಇರಲಿಲ್ಲ. ಚೆನ್ನಿಗಪ್ಪ ಹಗ್ಗ ಹಿಡಿದು ಹೊರಟ. ಒಡತಿ ಕರೆಯುತ್ತಿದ್ದಾಳೆ ಅಂತ ಚುಕ್ಕಿ ಹಿಂದೆ ಹೊರಟಿತು. ಅದರ ಹಿಂದೆ ಜವರಯ್ಯ, ಅವನ ಹಿಂದೆ ಖಾಲಿ ಕೊಡ ಹೊತ್ತ ಹತ್ತು ಹೆಂಗಸರು. ದಾರಿಯಲ್ಲಿ ಸಿಕ್ಕಿದವರೆಲ್ಲ ಕೇಳೋರೇ.

"ದೇವೀರಮ್ಮ, ಎಮ್ಮೆ ಸಿಕ್ತಾ?"

"ಊಂ."

"ಯಾಕವ್ವ ದೇವೀರಮ್ಮ, ಕುಂಟ್ತಾ ಇದ್ದೀಯ?"

"ಊಂ."

ಮನೆ ಬಾಗಿಲಲ್ಲಿ ನಿಜವಾದ ದೇವೀರಮ್ಮ ನಿಂತಿದ್ದಳು. ಎಮ್ಮೆ ನೋಡಿದಳು, ಎಮ್ಮೆ ಹಿಡಿದವಳ ಪಾದ ನೋಡಿದಳು. ಅವಳೂ ಕಮ್ಮಿ ಇರಲಿಲ್ಲ. "ಬಾ ದೇವೀರಮ್ಮ, ನಿನ್ನದೇ ಮನೆ. ಎಮ್ಮೆ ಕಟ್ಟು. ಬಳೆ ಜಗಲಿ ಮೇಲಿಡು. ಸೀರೆ ಬಿಚ್ಚಿಟ್ಟು ಹೋಗು, ನಂಗೆ ಇರೋದು ಎರಡೇ."

ಚೆನ್ನಿಗಪ್ಪ ಲಂಗೋಟಿಯಲ್ಲಿ ಹಿತ್ತಲ ಬೇಲಿ ಹಾರಿ ಓಡಿದ್ದನ್ನು ಯಾರೂ ನೋಡಲಿಲ್ಲವಂತೆ. ಯಾಕೆಂದರೆ ಎಲ್ಲರೂ ಕೊಟ್ಟಿಗೆಯಲ್ಲಿದ್ದರು. ಕರುವಿಗೆ ನಿಲ್ಲಲಾಗುತ್ತಿರಲಿಲ್ಲ. ದೇವೀರಮ್ಮ ಮುಂಗಾಲು ಹಿಡಿದಳು, ಜವರಯ್ಯ ಹೊಟ್ಟೆ ಕೆಳಗೆ ಕೈ ಕೊಟ್ಟ. ಕೆಚ್ಚಲು ಸಿಕ್ಕಿತು. ಒಂದು ಗುಟುಕು, ಎರಡು ಗುಟುಕು. ಆಮೇಲೆ ಬಾಲ ಅಲ್ಲಾಡಿತು. ಹತ್ತು ದಿನ ಅಳದಿದ್ದ ದೇವೀರಮ್ಮ ಆಗ ಎಮ್ಮೆ ಕೊರಳಿಗೆ ಬಿದ್ದು ಗೋಳೋ ಅಂತ ಅತ್ತಳಂತೆ.

ಕರು ಬದುಕಿತು. ಕತೆ ಇಲ್ಲಿಗೇ ಮುಗೀಬೇಕಿತ್ತು. ಆದರೆ ದೊಡ್ಡಿಯಿಂದ ಮೇಲಕ್ಕೆ ಹೋಗುತ್ತಿದ್ದ ಹಾಲು ನಿಂತಿತಲ್ಲ; ಆಗ ಅಲ್ಲಿ ಕರೆಯೋ ಎಮ್ಮೆ ಇದ್ದದ್ದು ಚುಕ್ಕಿ ಒಂದೇ.

ಹಾಲು ನಿಂತದ್ದಕ್ಕೆ ಪಾರುಪತ್ತೇಗಾರನಿಗೆ ಮೊಸರಿಲ್ಲ. ಮೊಸರಿಲ್ಲದ್ದಕ್ಕೆ ಅಮಲ್ದಾರನಿಗೆ ಬೆಣ್ಣೆಯಿಲ್ಲ. ಬೆಣ್ಣೆಯಿಲ್ಲದ್ದಕ್ಕೆ ದಿವಾನರಿಗೆ ತುಪ್ಪವಿಲ್ಲ. ತುಪ್ಪವಿಲ್ಲದ್ದಕ್ಕೆ ರಾಜನ ಒಬ್ಬಟ್ಟು ಒಣ ಒಬ್ಬಟ್ಟಾಗಿ ಗಂಟಲಲ್ಲಿ ಸಿಕ್ಕಿಕೊಂಡಿತು. ರಾಜ ಕೆಮ್ಮಿ ಕೆಮ್ಮಿ ಕೆಂಪಗಾಗಿ, ಎಲೆ ಮುಂದೆ ಕೂತಿದ್ದಂತೆಯೇ ಓಲೆ ಬರೆಸಿದ: "ತುಪ್ಪ ತಪ್ಪಿಸಿದ ದಿವಾನರ ರುಮಾಲು ಇಳಿಸಲು ನನ್ನ ಒಪ್ಪಿಗೆ ಇದೆ."

ಸುದ್ದಿ ದಿವಾನರಿಗೆ ಮುಟ್ಟಿತು. ಅವರು ಬರೆದರು, "ತಪ್ಪು ಅಮಲ್ದಾರನದು. ಅವನ ರುಮಾಲು ಇಳಿಸಲು ನನ್ನ ಒಪ್ಪಿಗೆ ಇದೆ." ಅಮಲ್ದಾರ ಪಾರುಪತ್ತೇಗಾರನ ರುಮಾಲಿಗೆ ಒಪ್ಪಿದ. ಪಾರುಪತ್ತೇಗಾರ ಚೆನ್ನಿಗಪ್ಪನ ರುಮಾಲಿಗೆ ಒಪ್ಪಿದ. ಮೂರು ವರ್ಷ ಒಂದೂ ಸಿಗದಿದ್ದ ಒಪ್ಪಿಗೆ ಒಂದೇ ಮಧ್ಯಾಹ್ನ ನಾಲ್ಕು ಬಂದು ಜವರಯ್ಯನ ಜಗಲಿ ಮೇಲೆ ಬಿತ್ತು.

ಜವರಯ್ಯ ನಾಲ್ಕನ್ನೂ ನಿಧಾನವಾಗಿ ಓದಿದ. ಮೇಲಿನವನ ಒಪ್ಪಿಗೆ ಬೇಕು ಅಂತ ತಗಡಿನಲ್ಲಿತ್ತೇ ಹೊರತು ಯಾವ ಸಿಟ್ಟಿಗೆ ಕೊಟ್ಟ ಒಪ್ಪಿಗೆ ಅಂತ ಇರಲಿಲ್ಲ. ಗುಬ್ಬಿ ಗೂಡನ್ನು ಜೋಪಾನವಾಗಿ ಬಿಡಿಸಿ ಸೂರಿನ ಸಂದಿಗೆ ಇಟ್ಟು, ದೋಟಿ ಹೆಗಲ ಮೇಲೆ ಹಾಕಿಕೊಂಡು, ದೇವೀರಮ್ಮನನ್ನೂ ಕರೆದುಕೊಂಡು ಅರಮನೆಗೆ ನಡೆದ.

ನಾಲ್ವರೂ ಅಲ್ಲೇ ಸೇರಿದ್ದರು. ಜವರಯ್ಯ ದೋಟಿ ಎತ್ತಿದ. ದಿವಾನರ ಜರತಾರಿ ರುಮಾಲು ಇಳಿಯಿತು. ಅಮಲ್ದಾರನದು ಇಳಿಯಿತು. ಪಾರುಪತ್ತೇಗಾರನದು ಇಳಿಯಿತು. ಚೆನ್ನಿಗಪ್ಪನದು ಇಳಿಯಿತು. ಒಂದೊಂದಕ್ಕೂ ಒಂದೇ ಮಾತು: "ಇದು ತುಪ್ಪ ತಪ್ಪಿದ್ದಕ್ಕಲ್ಲ ಸ್ವಾಮಿ, ಕರ ಹಸಿದದ್ದಕ್ಕೆ."

ರಾಜ ಹುಬ್ಬು ಗಂಟು ಹಾಕಿದ. "ಯಾವ ಕರ?"

ದೇವೀರಮ್ಮ ಹೇಳಿದಳು. ನೆರಳಿನಿಂದ ಹಿಡಿದು ಗಂಜಿಯವರೆಗೆ ಎಲ್ಲ ಹೇಳಿದಳು. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗಿ ಯಾರ ಎಲೆಗೆ ಹೋಯಿತು ಅನ್ನೋದನ್ನೂ ಹೇಳಿದಳು.

ಜವರಯ್ಯ ಕೈಮುಗಿದ. "ಮಾಸ್ವಾಮಿ, ಇನ್ನೊಂದು ತಲೆ ಉಳೀತು."

ದಿವಾನರು ಬೋಳು ತಲೆ ಸವರಿಕೊಂಡೇ ಎದ್ದು ನಿಂತರು. "ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಯ್ಯ. ಮಾಸ್ವಾಮಿಯವರ ಮೇಲೆ ಯಾರಿದ್ದಾರೆ?"

"ನಾನಿದ್ದೀನಿ" ಅಂತ ತೆರೆ ಹಿಂದಿನಿಂದ ಒಂದು ದನಿ ಬಂತು. ರಾಜನ ತಾಯಿ. ಎಂಬತ್ತು ದಾಟಿದ ಮುದುಕಿ, ಕೋಲು ಊರಿಕೊಂಡು ಈಚೆ ಬಂದಳಂತೆ.

"ನಂಗೆ ಗೊತ್ತಿರಲಿಲ್ಲ ಅಮ್ಮಾ" ಅಂದ ರಾಜ.

"ಎಲೆ ಪಕ್ಕ ಓಲೆ ಇಟ್ಟಿದ್ದರಲ್ಲ. ಓದಿದೆಯಾ?"

"ಒಬ್ಬಟ್ಟು ಆರಿಹೋಗ್ತಿತ್ತು."

ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಿನಗೆ ಹಾಲು ಕುಡಿಸಿದವಳು ನಾನು ಕಣಪ್ಪ. ನಂಗೆ ಹಾಲು ಸಾಲದೆ ಇದ್ದಾಗ ಊರಿನ ಹೆಂಗಸರು ಪಾಳಿ ಮೇಲೆ ಬಂದು ನಿನಗೆ ಮೊಲೆ ಕೊಟ್ಟರು. ಅವರು ಯಾರೂ ಮೇಲಿನವರ ಒಪ್ಪಿಗೆ ಕೇಳಲಿಲ್ಲ. ಜವರಯ್ಯ, ನನ್ನ ಒಪ್ಪಿಗೆ ಇದೆ. ಹಾಕು ದೋಟಿ."

ರಾಜ ತಾನೇ ತಲೆ ಬಗ್ಗಿಸಿದನಂತೆ. ಜವರಯ್ಯ ಒಂದು ಕೂದಲೂ ಅಲುಗದ ಹಾಗೆ ಕಿರೀಟ ಇಳಿಸಿದ.

"ಎಷ್ಟು ದಿನ ಅಮ್ಮಾ?" ಅಂತ ರಾಜ ಕೇಳಿದ.

"ಆ ಕರ ಹುಲ್ಲಿಗೆ ಬಾಯಿ ಹಾಕೋವರೆಗೆ."

ಆಮೇಲೆ ಏನಾಯಿತು ಅಂದರೆ, ಆ ರಾಜ್ಯದ ಸರ್ಕಾರವೆಲ್ಲ ಬೆಳಗಾದರೆ ದೇವೀರಮ್ಮನ ಕೊಟ್ಟಿಗೆ ಮುಂದೆ ಬರಿತಲೆಯಲ್ಲಿ ನಿಲ್ಲತೊಡಗಿತು. ಪಾರುಪತ್ತೇಗಾರ ಗರಿಕೆ ತಂದ. ಅಮಲ್ದಾರ ಕೆರೆ ಅಂಚಿನ ಎಳೇ ಹುಲ್ಲು ತಾನೇ ಕೊಯ್ದು ತಂದ. ಕರು ಮೂಸಿ ನೋಡಿ ತಾಯಿ ಹತ್ತಿರ ಓಡಿಹೋಗುತ್ತಿತ್ತು. ಹೊಟ್ಟೆ ತುಂಬ ಹಾಲಿದ್ದ ಮೇಲೆ ಹುಲ್ಲು ಯಾರಿಗೆ ಬೇಕು? ಹೇಗೆ ತಿನ್ನೋದು ಅಂತ ಅದಕ್ಕೆ ಗೊತ್ತಿಲ್ಲವೇನೋ ಅಂದುಕೊಂಡು ದಿವಾನರು ಎರಡು ಎಸಳು ಬಾಯಿಗಿಟ್ಟು ಅಗಿದು ತೋರಿಸಿದರಂತೆ. ಕರು ನಿಂತು ನೋಡಿತು. ಅಷ್ಟೇ.

ರಾಜನೂ ಬಂದು ಜಗಲಿ ಮೇಲೆ ಕೂರುತ್ತಿದ್ದ. ಬೇರೆ ಕೆಲಸ ಇಲ್ಲದ್ದಕ್ಕೆ, ಬಂದವರ ಕಷ್ಟ ಕೇಳುತ್ತಿದ್ದ. ಕೇಳ್ತಾ ಕೇಳ್ತಾ ಅವನಿಗೆ ಮಧ್ಯಾಹ್ನದ ನಿದ್ದೆ ಬಿಟ್ಟೇ ಹೋಯಿತು. ಹತ್ತನೇ ದಿನ ಅಕ್ಕಸಾಲಿಯನ್ನು ಕರೆಸಿ ತಗಡಿನ ಆ ಸಣ್ಣ ಸಾಲನ್ನು ತೇಯಿಸಿ ಅಳಿಸಿಹಾಕಿಸಿದನಂತೆ.

ನಲವತ್ತೆಂಟನೇ ದಿನ ಕರು ಅಂಗಳದ ಮೂಲೆಯಲ್ಲಿ ತಾನೇ ಹುಟ್ಟಿದ್ದ ಒಂದು ಗರಿಕೆಗೆ ಬಾಯಿ ಹಾಕಿ ಕಿತ್ತು ಅಗಿಯಿತು. ದಿವಾನರು ಆ ವಯಸ್ಸಿನಲ್ಲೂ ಕುಣಿದುಬಿಟ್ಟರಂತೆ. ರುಮಾಲುಗಳು ಬಂದವು, ಕಿರೀಟ ಬಂತು. ಚೆನ್ನಿಗಪ್ಪನಿಗೆ ಮಾತ್ರ ರುಮಾಲು ಬರಲಿಲ್ಲ. ಅವನು ಮನೆ ಮನೆಗೆ ಹೋಗಿ ಹಾಲು ಕರೆದುಕೊಟ್ಟು ಬದುಕಿದ. ಕೈ ಚೆನ್ನಾಗಿತ್ತಂತೆ.

"ಇಡಯ್ಯ" ಅಂತ ರಾಜ ಜವರಯ್ಯನ ಮುಂದೆ ತಲೆ ಬಗ್ಗಿಸಿದ.

"ಇಳಿಸೋ ಅಧಿಕಾರ ಕೊಟ್ಟಿದ್ದೀರಿ ಮಾಸ್ವಾಮಿ. ಇಡೋ ಅಧಿಕಾರ ನಂಗಿಲ್ಲ. ಕರ ಯಾರದೋ ಅವರನ್ನ ಕೇಳಿ."

ದೇವೀರಮ್ಮ ಸಗಣಿ ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ಕಿರೀಟ ಎತ್ತಿ ರಾಜನ ತಲೆ ಮೇಲೆ ಇಟ್ಟಳು. ರಾಜ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಅದುಮಲು ಹೋದ.

ದೇವೀರಮ್ಮ ಅವನ ಕೈ ತಡೆದಳು. "ಅಷ್ಟು ಬಿಗಿ ಬ್ಯಾಡ ಬುದ್ಧಿ. ಸಡಿಲವಾಗೇ ಇರಲಿ. ತೆಗೆಯೋ ಕಾಲಕ್ಕೆ ಸಲೀಸಾಗ್ತದೆ."

ಅವರ ಎಮ್ಮೆ ಅವರ ಕೊಟ್ಟಿಗೆಯಲ್ಲಿ ಮೆಲುಕು ಹಾಕ್ತಾ ಇದೆ, ನಾವು ನಮ್ಮ ಜಗಲಿ ಮೇಲೆ ಹೂಂಗುಟ್ಟುತ್ತಾ ಇದ್ದೀವಿ.